ಗೀರು ಬೀಳುವುದು ಒರೆಸುವಾಗ

ಕಾರಿನ ಬಣ್ಣ ಕೆಡುವುದು ರಸ್ತೆಯಲ್ಲಿ ಎಂಬುದು ನಮ್ಮೆಲ್ಲರ ನಂಬಿಕೆ. ಲಾರಿಯ ಚಕ್ರದಿಂದ ಸಿಡಿದು ಬರುವ ಜಲ್ಲಿಕಲ್ಲು, ಇದ್ದ ಗೇಣು ಜಾಗದಲ್ಲೇ ನುಸುಳಿ ಪಕ್ಕೆ ಸವರಿ ಹೋಗುವ ಬೈಕು, ವಾಹನ ನಿಲುಗಡೆಯಲ್ಲಿ ಪಕ್ಕದವರು ಧಡಾರನೆ ತೆರೆಯುವ ಬಾಗಿಲು, ಇವೇ ನಮ್ಮ ಶತ್ರುಗಳೆಂದು ದೂರುತ್ತೇವೆ. ದೂರಿನಲ್ಲಿ ಸತ್ಯವಿಲ್ಲದಿಲ್ಲ. ಆದರೆ ಆ ಹಾನಿ ಎದ್ದು ಕಾಣುವಂಥದು, ಬೆರಳಿಟ್ಟು ತೋರಿಸಬಹುದಾದಂಥದು. ಲೆಕ್ಕಕ್ಕೆ ಸಿಗದ ಸಾವಿರಾರು ಸಣ್ಣ ಗೀರುಗಳು ಬೀಳುವುದು ರಸ್ತೆಯಲ್ಲಲ್ಲ, ಮನೆಯ ಮುಂದೆ. ಅದೂ ಕಾರನ್ನು ಅಕ್ಕರೆಯಿಂದ ತೊಳೆದು ಮುಗಿಸಿ, ಕೈಯಲ್ಲಿ ಬಟ್ಟೆ ಹಿಡಿದು ಒರೆಸಲು ನಿಂತ ಆ ಹತ್ತು ನಿಮಿಷಗಳಲ್ಲಿ.

ಈ ಮಾತಿನಲ್ಲಿ ಅನುಮಾನವಿರುವವರು ಒಂದು ಸಂಜೆ ಬೀದಿದೀಪದ ಕೆಳಗೆ ನಿಂತ ಕಪ್ಪು ಅಥವಾ ಕಡುನೀಲಿ ಬಣ್ಣದ ಕಾರಿನ ಬಾನೆಟ್ಟನ್ನು ಗಮನಿಸಿ ನೋಡಬೇಕು. ದೀಪದ ಪ್ರತಿಬಿಂಬದ ಸುತ್ತ ಜೇಡರಬಲೆಯಂತೆ ವೃತ್ತಾಕಾರದ ನವಿರು ಗೆರೆಗಳು ಹಬ್ಬಿರುತ್ತವೆ. ನಾಲ್ಕು ಹೆಜ್ಜೆ ಸರಿದು ನಿಂತರೆ ಬಲೆಯೂ ದೀಪದ ಬಿಂಬದೊಂದಿಗೆ ಸರಿಯುತ್ತದೆ. ನಿಜದಲ್ಲಿ ಆ ಗೀರುಗಳು ವೃತ್ತಗಳಲ್ಲ. ಎಲ್ಲ ದಿಕ್ಕುಗಳಲ್ಲೂ ಅಡ್ಡಾದಿಡ್ಡಿ ಬಿದ್ದ ಗೀರುಗಳ ಪೈಕಿ, ಬೆಳಕಿನ ಬಿಂಬಕ್ಕೆ ಅಡ್ಡಲಾಗಿ ಬಿದ್ದವು ಮಾತ್ರ ನಮ್ಮ ಕಣ್ಣಿನತ್ತ ಮಿಂಚುತ್ತವೆ. ಉಳಿದವು ಕತ್ತಲಲ್ಲಿ ಅಡಗುತ್ತವೆ. ಹಾಗಾಗಿ ಕಣ್ಣಿಗೆ ಬೀಳುವುದು ಬಲೆ. ವರ್ಷಗಟ್ಟಲೆ ನಾರಿನಿಂದ ತಿಕ್ಕಿಸಿಕೊಂಡ ಊಟದ ಸ್ಟೀಲ್ ತಟ್ಟೆಯನ್ನು ಬಿಸಿಲಿಗೆ ಹಿಡಿದವರಿಗೆ ಈ ಚಿತ್ರ ಹೊಸದಲ್ಲ. ತಟ್ಟೆಗೆ ಅದು ಲಕ್ಷಣ, ಕಾರಿಗೆ ಅವಲಕ್ಷಣ.

ಕೂದಲೆಳೆಯ ಲೆಕ್ಕ

ಇದರ ಕಾರಣ ತಿಳಿಯಬೇಕಾದರೆ ನಾವು ‘ಬಣ್ಣ’ ಎಂದು ಕರೆಯುವುದು ಏನೆಂದು ನೋಡಬೇಕು. ಇಂದಿನ ಕಾರಿನ ಉಕ್ಕಿನ ಹಾಳೆಯ ಮೇಲೆ ಮೊದಲು ತುಕ್ಕು ತಡೆಯುವ ಪದರ, ಅದರ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣ, ಕಟ್ಟಕಡೆಗೆ ಬಣ್ಣವೇ ಇಲ್ಲದ ಪಾರದರ್ಶಕ ಲೇಪವಾದ ಕ್ಲಿಯರ್ ಕೋಟ್ ಇರುತ್ತದೆ. ಇವೆಲ್ಲ ಸೇರಿ ದಪ್ಪ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ನಾವು ಮೆಚ್ಚುವ ಹೊಳಪೆಲ್ಲ ಮೇಲಿನ ಕ್ಲಿಯರ್ ಕೋಟಿನದು; ಅದರ ಪಾಲು ಸುಮಾರು 40ರಿಂದ 50 ಮೈಕ್ರಾನ್ ಮಾತ್ರ. ನಮ್ಮ ತಲೆಗೂದಲಿನ ಒಂದೆಳೆ ಸುಮಾರು 70 ಮೈಕ್ರಾನ್ ದಪ್ಪವಿರುತ್ತದೆ. ಅಂದರೆ ಲಕ್ಷಾಂತರ ರೂಪಾಯಿ ತೆತ್ತು ತಂದ ಕಾರಿನ ಚೆಲುವು ನಿಂತಿರುವುದು ಕೂದಲೆಳೆಗಿಂತ ತೆಳುವಾದ ಒಂದು ಪೊರೆಯ ಮೇಲೆ. ಅದೂ ಪ್ಲಾಸ್ಟಿಕ್ಕಿನ ಬಂಧುವಾದ ಪಾಲಿಮರಿನ ಪೊರೆ. ಗೀರು ಹೋಗಲಾಡಿಸಲು ಅಂಗಡಿಯವರು ಮಾಡುವ ಪಾಲಿಶ್ ಎಂದರೂ ಈ ಪೊರೆಯನ್ನೇ ಒಂದಿಷ್ಟು ಹೆರೆದು ಸಮ ಮಾಡುವ ಕೆಲಸ. ಹೆರೆದದ್ದು ಮತ್ತೆ ಬೆಳೆಯುವುದಿಲ್ಲ.

ಈ ಪೊರೆಗೆ ಎದುರಾಗಿ ನಿಂತದ್ದು ಧೂಳು. ಬೆಂಗಳೂರಿನ ಧೂಳಿನ ವಂಶಾವಳಿ ಬಲು ದೊಡ್ಡದು. ಲಾಲ್‌ಬಾಗಿನ ಬಂಡೆ ಸುಮಾರು 300 ಕೋಟಿ ವರ್ಷಗಳಷ್ಟು ಹಳೆಯದು. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಅದಕ್ಕೆ ಮನ್ನಣೆಯಿದೆ. ನಗರದ ಬುಡದಲ್ಲೂ ಸುತ್ತಣ ಕಲ್ಲುಗಣಿಗಳಲ್ಲೂ ಇರುವುದು ಬಹುತೇಕ ಇದೇ ಜಾತಿಯ ನೈಸ್ ಮತ್ತು ಗ್ರಾನೈಟ್ ಶಿಲೆ. ಅದರ ಮುಖ್ಯ ಖನಿಜಗಳು ಬೆಣಚುಕಲ್ಲು ಮತ್ತು ಫೆಲ್ಡ್‌ಸ್ಪಾರ್. ಜರ್ಮನಿಯ ಫ್ರೀಡ್ರಿಕ್ ಮೋಸ್ 1812ರಲ್ಲಿ ರೂಪಿಸಿದ ಗಡಸುತನದ ಅಳತೆಪಟ್ಟಿಯಲ್ಲಿ ಫೆಲ್ಡ್‌ಸ್ಪಾರಿಗೆ 6, ಬೆಣಚಿಗೆ 7ನೇ ಸ್ಥಾನ. ಕಿಟಕಿಯ ಗಾಜು ಐದೂವರೆಯ ಆಸುಪಾಸಿನಲ್ಲಿದೆ. ಗಾಜನ್ನೇ ಗೀರಬಲ್ಲ ಕಣಕ್ಕೆ ಪಾಲಿಮರಿನ ಪೊರೆ ಯಾವ ಲೆಕ್ಕ? ನದಿಯ ಮರಳು ನೀರಿನಲ್ಲಿ ಉರುಳಿ ಉರುಳಿ ಮೂಲೆ ಸವೆಸಿಕೊಂಡದ್ದು. ಈಗ ನಮ್ಮ ಕಟ್ಟಡಗಳಿಗೆ ಬಳಕೆಯಾಗುವ ಎಂ-ಸ್ಯಾಂಡ್ ಯಂತ್ರದಲ್ಲಿ ಪುಡಿಯಾದ ಕಲ್ಲು. ಅದರ ಅಂಚುಗಳು ಇನ್ನೂ ಹರಿತ. ಪಕ್ಕದ ನಿವೇಶನದಲ್ಲಿ ಮನೆ ಏಳುತ್ತಿದ್ದರೆ ನಮ್ಮ ಕಾರಿನ ಮೇಲೆ ಕೂರುವುದು ಆ ಹರಿತವೇ.

ಧೂಳು ಸುಮ್ಮನೆ ಕುಳಿತಿದ್ದರೆ ಗೀರು ಬೀಳದು. ಅದರ ಮೇಲೊಂದು ಬಟ್ಟೆ ಬೀಳಬೇಕು, ಬಟ್ಟೆಯ ಮೇಲೊಂದು ಕೈ ಬೀಳಬೇಕು, ಕೈಗೆ ಅವಸರವಿರಬೇಕು. ಆಗ ಮಾತ್ರ ಧೂಳು ಉಳಿಯಾಗುತ್ತದೆ.

ತಪ್ಪು ಯಾರದು?

ನಾನಿರುವ ವಸತಿ ಸಮುಚ್ಚಯದಲ್ಲಿ ಈ ವಿಷಯ ಒಂದು ಭಾನುವಾರ ನಿವಾಸಿಗಳ ಸಂಘದ ಸಭೆಯವರೆಗೆ ಹೋಯಿತು. ಹೊಸ ಕಪ್ಪು ಕಾರು ಕೊಂಡವರೊಬ್ಬರು ಮೂರೇ ತಿಂಗಳಲ್ಲಿ ಬಾನೆಟ್ ಮೇಲೆ ಗೀರುಗಳ ಜಾಲ ಕಂಡು ಕೆರಳಿದ್ದರು. ದಿನವೂ ಬೆಳಗ್ಗೆ ಕಾರು ಒರೆಸುವ ಯುವಕನ ಸಂಬಳದಲ್ಲಿ ಪಾಲಿಶ್ ಖರ್ಚನ್ನು ಮುರಿದುಕೊಳ್ಳಬೇಕೆಂಬುದು ಅವರ ಬೇಡಿಕೆ. ತಲೆಯಾಡಿಸಿದವರೂ ಹಲವರಿದ್ದರು. ಯಾದಗಿರಿ ಕಡೆಯಿಂದ ಬಂದ ಆ ಹುಡುಗ ಗೋಡೆಗೆ ಒರಗಿ ನಿಂತಿದ್ದ. ನೀನೇನು ಹೇಳುತ್ತೀಯಪ್ಪಾ ಎಂದು ಕೇಳಿದೆ. ‘ಬಟ್ಟಿ ಒಂದ ಐತ್ರಿ ಸರ. ಗಾಡಿ ಹದಿನಾಕ ಅದಾವ್ರಿ. ಎಂಟರೊಳಗ ಎಲ್ಲಾ ಮುಗೀಬೇಕ್ರಿ’ ಎಂದ. ಮೂರು ವಾಕ್ಯಗಳಲ್ಲಿ ಇಡೀ ಪ್ರಕರಣದ ಮಹಜರು ಇತ್ತು.

ಆ ಒಂದು ಬಟ್ಟೆಯನ್ನು ತರಿಸಿ, ಬಿಳಿಯ ಬೋಗುಣಿಯಲ್ಲಿ ನೀರು ತುಂಬಿ ಅದರಲ್ಲಿ ಅದ್ದಿ ಹಿಂಡಿದೆವು. ನೀರು ತಿಳಿಯಾಗುವಷ್ಟು ಹೊತ್ತು ಕಾದ ಮೇಲೆ ಬೋಗುಣಿಯ ತಳದಲ್ಲಿ ಒಂದು ಚಿಟಿಕೆಯಷ್ಟು ಮರಳು ಕುಳಿತಿತ್ತು. ಬೆರಳಿನಿಂದ ಒತ್ತಿದರೆ ಕರಕರ ಎನ್ನುವ ಮರಳು. ಹದಿನಾಲ್ಕು ಕಾರುಗಳ ಧೂಳನ್ನು ಆ ಬಟ್ಟೆ ಹದಿನಾಲ್ಕು ಕಾರುಗಳಿಗೂ ಸಮನಾಗಿ ಹಂಚುತ್ತಿತ್ತು. ಬಟ್ಟೆ ಕೊಟ್ಟವರು ಯಾರು? ಯಾರದೋ ಮನೆಯ ಹಳೆಯ ಬನಿಯನ್ ಅದು. ನೀರು ಕೊಟ್ಟವರು ಯಾರು? ದಿನಕ್ಕೆ ಎರಡೇ ಬಕೆಟ್ ಎಂದು ನಿರ್ಣಯಿಸಿದ್ದು ಅದೇ ಸಂಘ. ದಿನವೂ ಒರೆಸಬೇಕೆಂದು ಕಟ್ಟಳೆ ಮಾಡಿದವರು ಯಾರು? ನಾವೇ ಹದಿನಾಲ್ಕು ಮನೆಯವರು. ತಿಂಗಳಿಗೆ ಕಾರೊಂದಕ್ಕೆ ಕೆಲವೇ ನೂರು ರೂಪಾಯಿ ಕೊಟ್ಟು, ಒಂದು ಬಟ್ಟೆ ಕೊಟ್ಟು, ಗಡಿಯಾರ ತೋರಿಸಿ, ಆಮೇಲೆ ಗೀರಿಗೆ ಅವನನ್ನೇ ಹೊಣೆ ಮಾಡುವುದು ಯಾವ ನ್ಯಾಯ? ಸಂಬಳ ಮುರಿಯುವ ಮಾತು ಅಂದು ಅಲ್ಲಿಗೇ ನಿಂತಿತು. ಆದರೆ ಪ್ರಶ್ನೆ ನಿಲ್ಲಲಿಲ್ಲ: ಹಾಗಾದರೆ ಅವನು ಒರೆಸಬೇಕಾದದ್ದು ಹೇಗೆ?

ಒರೆಸದೆ ಬಿಟ್ಟರೆ?

ತೊಳೆದು ಹಾಗೆಯೇ ಬಿಟ್ಟರೆ ಗಾಳಿಗೆ ಒಣಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಒಣಗುತ್ತದೆ, ಆದರೆ ಒಣಗುವುದು ನೀರು ಮಾತ್ರ. ಅದರಲ್ಲಿ ಕರಗಿದ್ದ ಲವಣಗಳು ಹಿಂದೆ ಉಳಿಯುತ್ತವೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೋ 2012ರಲ್ಲಿ ನಿಗದಿ ಮಾಡಿದ ಮಾನದಂಡದ ಪ್ರಕಾರ ಒಂದು ಲೀಟರಿನಲ್ಲಿ ಕರಗಿದ ಘನವಸ್ತು 500 ಮಿಲಿಗ್ರಾಂವರೆಗೆ ಸ್ವೀಕಾರಾರ್ಹ; ಬೇರೆ ಮೂಲವೇ ಇಲ್ಲದಿದ್ದರೆ 2,000 ಮಿಲಿಗ್ರಾಂವರೆಗೆ ಅನುಮತಿಯುಂಟು. ನಮ್ಮ ಕೊಳವೆಬಾವಿಯ ನೀರಿನಲ್ಲಿ ಲೀಟರಿಗೆ 1,000 ಮಿಲಿಗ್ರಾಂ ಇದೆಯೆಂದು ಇಟ್ಟುಕೊಳ್ಳಿ. ತೊಳೆದ ಕಾರಿನ ಮೈಮೇಲೆ ಕಾಲು ಲೀಟರ್ ನೀರು ಉಳಿದರೆ, ಅದು ಆರಿದ ಮೇಲೆ ಕಾಲು ಗ್ರಾಂ ಸುಣ್ಣ ಮತ್ತಿತರ ಲವಣ ಹನಿಹನಿಯಾಗಿ ಬಣ್ಣದ ಮೇಲೆ ಕೂರುತ್ತದೆ. ನೀರು ಕಾಯಿಸುವ ಪಾತ್ರೆಯ ತಳದಲ್ಲಿ, ಗೀಸರಿನ ಸುರುಳಿಯ ಮೇಲೆ ಕಟ್ಟುವ ಬಿಳಿ ಹೊಪ್ಪಳೆಯೇ ಇಲ್ಲಿ ಚುಕ್ಕೆಯಾಗಿ ಕಾಣುತ್ತದೆ. ಬಿಸಿಲಿನಲ್ಲಿ ಇದು ಇನ್ನೂ ಗಟ್ಟಿಯಾಗಿ ಅಂಟಿಕೊಂಡು, ಬಹಳ ದಿನ ಬಿಟ್ಟರೆ ಕ್ಲಿಯರ್ ಕೋಟಿನಲ್ಲೇ ಗುರುತು ಉಳಿಸಬಲ್ಲದು.

ಹೀಗಾಗಿ ಕಾರಿನ ಒಡೆಯನದು ಅತ್ತ ದರಿ, ಇತ್ತ ಪುಲಿ ಎಂಬ ಸ್ಥಿತಿ. ಬಿಟ್ಟರೆ ಚುಕ್ಕೆ, ಒರೆಸಿದರೆ ಗೀರು. ಇವೆರಡರ ನಡುವೆ ಒಂದು ದಾರಿಯಿದೆ. ಅದರ ಸೂತ್ರ ಇಷ್ಟೆ: ಕಾರನ್ನು ಒರೆಸಬಾರದು, ಕಾರಿನ ಮೇಲಿನ ನೀರನ್ನು ತೆಗೆಯಬೇಕು.

ಈ ವ್ಯತ್ಯಾಸ ನಮ್ಮ ಭಾಷೆಗೆ ಚೆನ್ನಾಗಿ ಗೊತ್ತು. ತಿಕ್ಕುವುದು, ಉಜ್ಜುವುದು, ಒರೆಸುವುದು, ಸವರುವುದು, ಒತ್ತುವುದು ಇವು ಒಂದೇ ಕ್ರಿಯೆಯ ಐದು ಹೆಸರುಗಳಲ್ಲ. ಕಂಚಿನ ಪಾತ್ರೆಯನ್ನು ತಿಕ್ಕುತ್ತೇವೆ, ನೆಲವನ್ನು ಒರೆಸುತ್ತೇವೆ. ಅಕ್ಕಸಾಲಿಗ ಚಿನ್ನವನ್ನು ಒರೆಗಲ್ಲಿಗೆ ಉಜ್ಜುವುದೇ ಗೆರೆ ಮೂಡಲಿ ಎಂದು. ಆದರೆ ಎಣ್ಣೆ ಹಚ್ಚಿ ಎರೆದ ಕೂಸನ್ನು ಅಜ್ಜಿ ತೊಡೆಯ ಮೇಲೆ ಮಲಗಿಸಿಕೊಂಡಾಗ ಏನು ಮಾಡುತ್ತಾಳೆ? ಉಟ್ಟು ಉಟ್ಟು ಮೆದುವಾದ ಹಳೆಯ ಹತ್ತಿ ಸೀರೆಯ ತುಂಡನ್ನು ಮಗುವಿನ ಮೈಮೇಲೆ ಹರಡಿ, ಅಂಗೈಯಿಂದ ಮೆಲ್ಲಗೆ ಒತ್ತಿ ಒತ್ತಿ ತೆಗೆಯುತ್ತಾಳೆ. ಬಟ್ಟೆ ನೀರು ಹೀರುತ್ತದೆ, ಚರ್ಮ ಕೆಂಪಾಗುವುದಿಲ್ಲ. ಮೈಕ್ರಾನ್ ಲೆಕ್ಕ ಬಲ್ಲ ಇಂದಿನ ತಜ್ಞರು ಹೇಳುವ ವಿಧಾನವೂ ಇದೇ.

ಕ್ರಮ ಹೀಗಿರಲಿ

ಒಣಗಿಸುವ ಕೆಲಸ ಶುರುವಾಗುವುದು ತೊಳೆಯುವಾಗಲೇ. ಬಟ್ಟೆ ಮುಟ್ಟುವ ವೇಳೆಗೆ ಮೈಮೇಲೆ ಕಣವೊಂದೂ ಉಳಿದಿರದಂತೆ ನೋಡಿಕೊಳ್ಳುವುದೇ ಅರ್ಧ ವಿದ್ಯೆ. ಕಾರು ನೆರಳಿನಲ್ಲಿರಬೇಕು, ಲೋಹ ತಣ್ಣಗಿರಬೇಕು. ಈಗಷ್ಟೇ ಓಡಿಸಿ ತಂದ ಕಾರಿನ ಬಾನೆಟ್ ಮೇಲೆ ಸೋಪಿನ ನೀರು ಕ್ಷಣದಲ್ಲಿ ಆರಿ ಕಲೆ ಕಟ್ಟುತ್ತದೆ. ಚಕ್ರಗಳ ಕೊಳೆ ಎಲ್ಲಕ್ಕಿಂತ ಒರಟು. ಅದಕ್ಕೆ ಬೇರೆಯೇ ಬಟ್ಟೆ ಇರಲಿ. ಮೊದಲು ಬರೀ ನೀರಿನಿಂದ ಮೇಲಿನಿಂದ ಕೆಳಕ್ಕೆ ಧೂಳು ಇಳಿಸಬೇಕು. ಆಮೇಲೆ ಎರಡು ಬಕೆಟ್: ಒಂದರಲ್ಲಿ ಕಾರಿಗೆಂದೇ ಇರುವ ಶಾಂಪೂ ಬೆರೆಸಿದ ನೀರು, ಇನ್ನೊಂದರಲ್ಲಿ ಬಟ್ಟೆ ಜಾಲಿಸಲು ಬರೀ ನೀರು. ಕೊಳೆಯಾದ ಬಟ್ಟೆ ಎರಡನೆಯದರಲ್ಲಿ ಮಿಂದೇ ಮೊದಲನೆಯದಕ್ಕೆ ಮರಳಬೇಕು. ಒಂದೇ ಬಕೆಟ್ಟಿನಲ್ಲಿ ಅದ್ದಿ ತೆಗೆಯುವುದೆಂದರೆ ಇಳಿಸಿದ ಮರಳನ್ನು ಮತ್ತೆ ಹೊತ್ತು ತಂದು ಬಳಿಯುವುದು.

ಕೊನೆಯ ಸುತ್ತಿನ ನೀರು ಹಾಕುವಾಗ ರಭಸ ಬೇಡ. ಕೊಳವೆಯ ತುದಿಯ ಪಿಚಕಾರಿ ಕಳಚಿ, ಚಾವಣಿಯಿಂದ ನಿಧಾನವಾಗಿ ನೀರು ಹರಿಯಬಿಟ್ಟರೆ, ಚೆದುರಿದ ಹನಿಗಳನ್ನು ಕೂಡಿಸಿಕೊಂಡು ನೀರು ಒಂದೇ ಹಾಳೆಯಾಗಿ ಜಾರಿ ಇಳಿಯುತ್ತದೆ. ವ್ಯಾಕ್ಸ್ ಹಚ್ಚಿದ ಕಾರಾದರೆ ಕೆಸುವಿನ ಎಲೆಯ ಮೇಲಿನ ನೀರಿನಂತೆ ಬಹುಪಾಲು ತಾನೇ ಹೊರಟುಹೋಗುತ್ತದೆ. ಕೊಳವೆಯಿಲ್ಲದವರು ಚೊಂಬಿನಿಂದ ಎತ್ತರದಲ್ಲಿ ಸುರಿಯದೆ, ಹತ್ತಿರದಿಂದ ಹರಿಸಬಹುದು. ಕೈ ಸೋಕದೆ ಇಳಿದ ಪ್ರತಿ ಹನಿಯೂ ಲಾಭವೇ.

ಆಮೇಲೆ ಬಟ್ಟೆ. ದೊಡ್ಡದಾದ, ದಪ್ಪನೆಯ, ಮೆತ್ತನೆಯ ಮೈಕ್ರೋಫೈಬರ್ ಬಟ್ಟೆಯನ್ನು ಚಾವಣಿಯ ಮೇಲೆ ಚಾಪೆಯಂತೆ ಹಾಸಿ, ಅಂಗೈಯಿಂದ ಮೃದುವಾಗಿ ಒತ್ತಿ, ಎತ್ತಿ, ಮುಂದಿನ ಜಾಗಕ್ಕೆ ಹಾಕಬೇಕು. ಅಥವಾ ಎರಡು ತುದಿ ಹಿಡಿದು, ಬಟ್ಟೆಯ ಸ್ವಂತ ತೂಕವಲ್ಲದೆ ಬೇರೆ ಭಾರ ಹಾಕದೆ, ನೇರವಾಗಿ ನಮ್ಮತ್ತ ಎಳೆದುಕೊಳ್ಳಬೇಕು. ಸುತ್ತು ಸುತ್ತಾಗಿ ಕೈಯಾಡಿಸುವುದು ಬೇಡ; ನೇರ ಎಳೆತದಲ್ಲಿ ಅಕಸ್ಮಾತ್ ಗೀರು ಬಿದ್ದರೂ ಅದು ಎಲ್ಲ ದಿಕ್ಕಿಗೂ ಚೆದುರದೆ ಒಂದೇ ದಿಕ್ಕಿನಲ್ಲಿ ಉಳಿಯುತ್ತದೆ. ಚಾವಣಿ, ಗಾಜು, ಬಾನೆಟ್, ಡಿಕ್ಕಿ, ಬಾಗಿಲುಗಳ ಮೇಲ್ಭಾಗ ಎಂಬ ಕ್ರಮದಲ್ಲಿ ಇಳಿದು, ಚಕ್ರದ ಮಟ್ಟದ ಕೆಳಭಾಗವನ್ನು ಕಟ್ಟಕಡೆಗೆ ಬೇರೆ ಬಟ್ಟೆಯಿಂದ ಮುಗಿಸಬೇಕು. ಎಷ್ಟೇ ತೊಳೆದರೂ ರಸ್ತೆಯ ಮರಳು ಕಡೆಯವರೆಗೆ ಅವಿತುಕೊಳ್ಳುವುದು ಅಲ್ಲೇ. ಪಕ್ಕದ ಕನ್ನಡಿ, ಬಾಗಿಲ ಹಿಡಿ, ದೀಪಗಳ ಸಂದು, ಪೆಟ್ರೋಲ್ ಮುಚ್ಚಳ ಇವೆಲ್ಲ ನೀರನ್ನು ಬಚ್ಚಿಟ್ಟುಕೊಂಡು ಆಮೇಲೆ ಕಣ್ಣೀರಿನಂತೆ ಸುರಿಸುತ್ತವೆ; ಬ್ಲೋಯರ್ ಇದ್ದರೆ ಅದರ ಗಾಳಿಯಿಂದ ಹೊರಡಿಸಬಹುದು. ಕೊನೆಯಲ್ಲಿ ಕಾರನ್ನು ನೂರಿನ್ನೂರು ಗಜ ನಿಧಾನವಾಗಿ ಓಡಿಸಿ ಒಂದೆರಡು ಬಾರಿ ಬ್ರೇಕ್ ಒತ್ತಿದರೆ ಬ್ರೇಕ್ ತಟ್ಟೆಗಳ ಮೇಲಿನ ನೀರೂ ಆರುತ್ತದೆ.

ಒಂದು ನಿಯಮಕ್ಕೆ ಮಾತ್ರ ವಿನಾಯಿತಿಯಿಲ್ಲ. ಕೈಜಾರಿ ನೆಲಕ್ಕೆ ಬಿದ್ದ ಬಟ್ಟೆ ಅಂದಿನ ಮಟ್ಟಿಗೆ ನಿವೃತ್ತ. ಕೊಡವಿ ಮತ್ತೆ ಬಳಸುವಂತಿಲ್ಲ.

ಬಟ್ಟೆಯ ಜಾತಕ

ಎಲ್ಲ ಮೆತ್ತನೆಯ ಬಟ್ಟೆಯೂ ಕಾರಿಗೆ ಮೆತ್ತಗಲ್ಲ. ಹಳೆಯ ಅಂಗಿಗೆ ಗುಂಡಿಯಿದೆ, ಬನಿಯನ್ನಿಗೆ ಹೊಲಿಗೆಯ ಗಂಟಿದೆ. ಅಂಗಡಿಯ ಹಳದಿ ಡಸ್ಟರಿನ ನೇಯ್ಗೆ ಚಪ್ಪಟೆ. ಹಿಂದಿನ ಚಾಲಕರು ಹೆಮ್ಮೆಯಿಂದ ಇಟ್ಟುಕೊಳ್ಳುತ್ತಿದ್ದ ಶ್ಯಾಮಿ ಚರ್ಮ ನೀರು ಹೀರುವುದರಲ್ಲಿ ನಿಸ್ಸೀಮ. ಯುರೋಪಿನ ಬೆಟ್ಟಗಳ ಶ್ಯಾಮಿ ಎಂಬ ಪ್ರಾಣಿಯಿಂದ ಅದಕ್ಕೆ ಆ ಹೆಸರು, ಈಗ ಹೆಚ್ಚಾಗಿ ಕುರಿಯ ಚರ್ಮದಿಂದ ಮಾಡುತ್ತಾರೆ. ಆದರೆ ಅದರ ಮೈ ನುಣುಪು. ಒಂದು ಕಣ ಸಿಕ್ಕಿಕೊಂಡರೆ ಅದಕ್ಕೆ ಒಳಗೆ ಸರಿಯಲು ಜಾಗವಿಲ್ಲ. ಚರ್ಮಕ್ಕೂ ಬಣ್ಣಕ್ಕೂ ನಡುವೆ ಸಿಲುಕಿ ಎಳೆದಷ್ಟು ದೂರವೂ ಗೆರೆ ಎಳೆಯುತ್ತದೆ. ಗಾಜಿನ ಮೇಲೆ ನೀರು ಎಳೆಯುವ ರಬ್ಬರ್ ಪಟ್ಟಿಯದೂ ಇದೇ ದೋಷ. ಗಾಜಿಗೆ ಅದು ಸರಿ, ಬಣ್ಣಕ್ಕೆ ಸಲ್ಲದು.

ಮೈಕ್ರೋಫೈಬರಿನ ಗುಟ್ಟು ಅದರ ಎಳೆಯಲ್ಲಿದೆ. ಎಳೆಯ ನವಿರುತನವನ್ನು ಅಳೆಯುವ ಡೆನಿಯರ್ ಎಂಬ ಮಾನ ಮೂಲತಃ ರೇಷ್ಮೆ ವ್ಯಾಪಾರದ್ದು. ರಾಮನಗರದ ಗೂಡು ಮಾರುಕಟ್ಟೆಯ ನಾಡಿನವರಿಗೆ ಅದು ಪರಿಚಿತ ಪದ. 9,000 ಮೀಟರ್ ಉದ್ದದ ಎಳೆ ಒಂದು ಗ್ರಾಂ ತೂಗಿದರೆ ಅದು ಒಂದು ಡೆನಿಯರ್. ಅದಕ್ಕಿಂತಲೂ ನವಿರಾದದ್ದು ಮೈಕ್ರೋಫೈಬರ್. ಜಪಾನಿನ ಟೋರೇ ಸಂಸ್ಥೆಯ ವಿಜ್ಞಾನಿ ಮಿಯೋಷಿ ಒಕಮೊಟೊ 1970ರಲ್ಲಿ ಇಂಥ ಅತಿನವಿರು ಎಳೆಯಿಂದ ಚರ್ಮದಂಥ ಬಟ್ಟೆಯನ್ನು ರೂಪಿಸಿದರು. ಕಾರಿನ ಬಟ್ಟೆಯಲ್ಲಿ ಸಾಮಾನ್ಯವಾಗಿ ಪಾಲಿಯೆಸ್ಟರ್ ಹೆಚ್ಚು, ಪಾಲಿಅಮೈಡ್ ಕಡಿಮೆ ಬೆರೆತು, ಎಳೆ ಸೀಳಿ ಸೀಳಿ ನೂರಾರು ಸಂದುಗಳಾಗಿರುತ್ತದೆ. ನೀರು ಆ ಸಂದುಗಳಿಗೆ ನುಗ್ಗುತ್ತದೆ. ಉಳಿದ ಒಂದೆರಡು ಕಣಗಳಿದ್ದರೂ ಮೇಲೆ ನಿಲ್ಲದೆ ಜೊಂಪಿನೊಳಗೆ ಹುದುಗುತ್ತವೆ. ಕೊಳ್ಳುವಾಗ ಉದ್ದ ಜೊಂಪಿನ, ಅಂಚಿನ ಹೊಲಿಗೆ ಮೆತ್ತಗಿರುವ ಬಟ್ಟೆಯನ್ನು ಆರಿಸಿ, ಮೂಲೆಯಲ್ಲಿ ಹೊಲಿದ ಗಡುಸಾದ ಚೀಟಿಯನ್ನು ಕತ್ತರಿಸಿ ತೆಗೆಯಬೇಕು.

ಆದರೆ ಹುದುಗಿದ್ದು ಮಾಯವಾಗುವುದಿಲ್ಲ. ಒಗೆಯದ ಮೈಕ್ರೋಫೈಬರ್ ಕಾಲಕ್ರಮದಲ್ಲಿ ಮರಳುಕಾಗದವೇ. ಹತ್ತಿ ಬಟ್ಟೆಗಳ ಜೊತೆ ಹಾಕದೆ ಪ್ರತ್ಯೇಕವಾಗಿ, ಸ್ವಲ್ಪ ದ್ರವ ಸೋಪಿನಲ್ಲಿ ಒಗೆದು ನೆರಳಿನಲ್ಲಿ ಒಣಹಾಕಬೇಕು. ಬಟ್ಟೆಗೆ ಘಮ ಕೊಡುವ ಸಾಫ್ಟ್‌ನರ್ ಹಾಕಿದರೆ ಅದು ಎಳೆಗಳ ಮೇಲೆ ಲೇಪವಾಗಿ ನೀರು ಹೀರುವ ಗುಣವನ್ನೇ ಕೊಲ್ಲುತ್ತದೆ.

ಕಡಿಮೆ ತೊಳೆಯುವುದೇ ಜಾಣತನ

ಇಷ್ಟೆಲ್ಲ ಓದಿದವರಿಗೆ ಒಂದು ಆಕ್ಷೇಪ ಸಹಜವಾಗಿ ಏಳುತ್ತದೆ: ಕುಡಿಯಲು ನೀರಿಲ್ಲದ ನಗರದಲ್ಲಿ ಕಾರಿಗೆ ಎರಡು ಬಕೆಟ್, ಮೇಲೆ ಒಂದು ಕೊಳವೆಯೇ? ಆಕ್ಷೇಪ ಸರಿಯಾದದ್ದೇ. 2023ರ ಮುಂಗಾರು ಕೈಕೊಟ್ಟು 2024ರ ಬೇಸಿಗೆಯಲ್ಲಿ ಸಾವಿರಾರು ಕೊಳವೆಬಾವಿಗಳು ಬತ್ತಿದಾಗ, ಬೆಂಗಳೂರು ಜಲಮಂಡಳಿ ಮಾರ್ಚ್ ತಿಂಗಳಲ್ಲಿ ವಾಹನ ತೊಳೆಯಲು ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ವಿಧಿಸಿತು. 2025ರ ಫೆಬ್ರುವರಿಯಲ್ಲಿ ಮತ್ತೆ ಅದೇ ಆದೇಶ ಹೊರಬಿತ್ತು. ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಹಂತ ಹಂತವಾಗಿ ಮೇಲೆತ್ತಿ ತಂದ ಕಾವೇರಿಯನ್ನು ಚಕ್ರಕ್ಕೆ ಸುರಿಯುವುದು ಯಾವ ಆದೇಶವಿಲ್ಲದಿದ್ದರೂ ಅವಿವೇಕವೇ. ತೆರೆದ ನಲ್ಲಿಯ ಕೊಳವೆಯಿಂದ ನಿಮಿಷಕ್ಕೆ ಹತ್ತು ಹದಿನೈದು ಲೀಟರ್ ಹರಿಯುತ್ತದೆ. ಮಾತಾಡುತ್ತಾ ಹತ್ತು ನಿಮಿಷ ತೊಳೆದರೆ ಒಬ್ಬರ ಒಂದು ದಿನದ ನೀರು ಮೋರಿ ಸೇರಿರುತ್ತದೆ.

ಆದರೆ ನೀರಿನ ಕೊರತೆಗೆ ನಾವು ಕಂಡುಕೊಂಡಿರುವ ಉಪಾಯವೇ ಬಣ್ಣಕ್ಕೆ ಅತಿ ದೊಡ್ಡ ಕುತ್ತು. ನೀರಿಲ್ಲ ಎಂದು ಒಣಬಟ್ಟೆಯಲ್ಲೋ, ಹಿಂಡಿದ ತೇವಬಟ್ಟೆಯಲ್ಲೋ ದಿನವೂ ಒರೆಸುತ್ತೇವೆ. ಧೂಳಿಗೆ ಜಾರಲು ನೀರಿಲ್ಲ, ಬಟ್ಟೆಗೆ ಮೀಯಲು ನೀರಿಲ್ಲ. ಆಯುಧಪೂಜೆಯ ಮರುದಿನ ಬಾನೆಟ್ ಮೇಲೆ ಒಣಗಿದ ಅರಿಶಿನ, ಕುಂಕುಮ, ಗಂಧವನ್ನು ಒಣಬಟ್ಟೆಯಿಂದ ತಿಕ್ಕಿ ತೆಗೆಯುವುದೂ ಇದೇ ಬಗೆಯ ಪೂಜಾಫಲ. ಒದ್ದೆ ಬಟ್ಟೆಯನ್ನು ಐದು ನಿಮಿಷ ಅದರ ಮೇಲೆ ಹಾಸಿ ನೆನೆಸಿದರೆ ತಾನಾಗಿ ಬಿಡುತ್ತದೆ. ಧೂಳು ಕುಳಿತ ಕಾರಿನ ಮೇಲೆ ಹೊದಿಕೆ ಎಳೆದು, ಅದು ರಾತ್ರಿಯಿಡೀ ಗಾಳಿಗೆ ಅಲುಗಾಡಿದರೂ ಫಲ ಒಂದೇ.

ಹಾಗಾಗಿ ನೀರಿನ ಉಳಿತಾಯವೂ ಬಣ್ಣದ ರಕ್ಷಣೆಯೂ ಹೇಳುವುದು ಒಂದೇ ಮಾತು: ದಿನವೂ ಮುಟ್ಟಬೇಡಿ. ಕಾರಿಗೆ ನಿತ್ಯ ಸ್ನಾನದ ವ್ರತವಿಲ್ಲ. ಗಾಜು, ಕನ್ನಡಿ, ದೀಪ, ನಂಬರ್ ಪ್ಲೇಟು ನಿತ್ಯ ಶುಚಿಯಾಗಿರಲಿ. ಅದು ಸುರಕ್ಷತೆಯ ಪ್ರಶ್ನೆ. ಮೈಬಣ್ಣದ ಮೇಲಿನ ಧೂಳು ನಾಲ್ಕು ದಿನ ಕುಳಿತಿದ್ದರೆ ನಷ್ಟವೇನಿಲ್ಲ. ಹಕ್ಕಿಯ ಹಿಕ್ಕೆ ಬಿದ್ದರೆ ಮಾತ್ರ ಆಗಲೇ ನೆನೆಸಿ ತೆಗೆಯಬೇಕು, ಅದು ಬಣ್ಣವನ್ನು ಸುಡುತ್ತದೆ. ಉಳಿದಂತೆ ವಾರಕ್ಕೋ ಎರಡು ವಾರಕ್ಕೋ ಒಮ್ಮೆ, ಶುದ್ಧೀಕರಿಸಿದ ಮರುಬಳಕೆಯ ನೀರಿನಲ್ಲೋ ಸಂಗ್ರಹಿಸಿದ ಮಳೆನೀರಿನಲ್ಲೋ ತೊಳೆದರೆ ಸಾಕು. ಮಳೆನೀರಿನಲ್ಲಿ ಲವಣ ಕಡಿಮೆ. ಕೊನೆಯ ಸುತ್ತಿಗೆ ಅದನ್ನು ಬಳಸಿದರೆ ಚುಕ್ಕೆಯ ಭಯವೂ ಕಡಿಮೆ. ಹನ್ನೊಂದು ವರ್ಷ ತುಂಬಿದ ನನ್ನ ಕಾರು ಎರಡು ವಾರಕ್ಕೊಮ್ಮೆ ಮೀಯುತ್ತದೆ. ಅದರ ಬಣ್ಣಕ್ಕೆ ಇನ್ನೂ ಯಾವ ಮುಜುಗರವೂ ಆಗಿಲ್ಲ.

ನಮ್ಮ ಸಂಘ ಕೊನೆಗೆ ಮಾಡಿದ್ದು ಸಣ್ಣ ಬದಲಾವಣೆ. ದಿನಕ್ಕೆ ಹದಿನಾಲ್ಕು ಕಾರುಗಳನ್ನು ಒರೆಸುವ ಬದಲು ದಿನಕ್ಕೆ ಎರಡನ್ನು ಸರಿಯಾಗಿ ತೊಳೆಯುವುದು. ಅಲ್ಲಿಗೆ ಪ್ರತಿ ಕಾರಿಗೂ ವಾರಕ್ಕೊಂದು ಸರದಿ. ಮನೆಗೆ ಮೂರರಂತೆ ಬಟ್ಟೆ, ಒಂದಕ್ಕೊಂದು ಬೆರೆಯದಂತೆ ಬಣ್ಣದ ಗುರುತು. ಮರುಬಳಕೆಯ ನೀರಿನಲ್ಲಿ ಎರಡು ಬಕೆಟ್ ತೊಳೆಯಲು, ಕೊನೆಯ ಸುತ್ತಿಗೆ ಮಳೆನೀರಿನ ಇನ್ನೊಂದು. ಎಲ್ಲಕ್ಕಿಂತ ಮುಖ್ಯವಾಗಿ, ಹುಡುಗನ ಸಂಬಳದಲ್ಲಿ ಒಂದು ರೂಪಾಯಿಯೂ ಕಡಿತವಿಲ್ಲ. ಎಲ್ಲರಿಗೂ ಇದು ಒಪ್ಪಿಗೆಯಾಗಿದೆ ಎನ್ನಲಾರೆ. ದಿನವೂ ಒರೆಸದಿದ್ದರೆ ದುಡ್ಡು ಏಕೆ ಕೊಡಬೇಕು ಎಂದು ಗೊಣಗುವವರು ಇದ್ದಾರೆ. ಕೈಯ ಕೆಲಸವನ್ನು ಬಾರಿಗಳ ಲೆಕ್ಕದಲ್ಲಿ ಅಳೆಯುವ ಅಭ್ಯಾಸ ಬೇಗ ಹೋಗುವಂಥದಲ್ಲ.

ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆ ನಮ್ಮಲ್ಲಿದೆ. ಆದರೆ ಇಲ್ಲಿ ಆತುರ ಬಟ್ಟೆ ಹಿಡಿದವನದಾಗಿರಲಿಲ್ಲ; ಬಾಲ್ಕನಿಯಲ್ಲಿ ನಿಂತು ಗಡಿಯಾರ ನೋಡುವವರದಾಗಿತ್ತು. ಒಳ್ಳೆಯ ಬಟ್ಟೆಗೆ ನೂರಿನ್ನೂರು ರೂಪಾಯಿ ಬೆಲೆಯಿದೆ, ಅದನ್ನು ಕೊಡಲು ನಮಗೆ ಕಷ್ಟವಿಲ್ಲ. ಅದನ್ನು ಹಿಡಿದ ಕೈಗೆ ಒಂದು ಕಾರಿಗೆ ಅರ್ಧ ಗಂಟೆಯ ಬಿಡುವು ಕೊಡುವುದು ನಮಗೆ ಕಷ್ಟವಾಗಿದೆ. ಬಣ್ಣ ಉಳಿಯುವುದು ಆ ಅರ್ಧ ಗಂಟೆಯಲ್ಲಿ.